ತಾರಸಿಯ ಮೇಲೆ ಆಮೆ ಚಿತ್ರ

ಈ ಭಾನುವಾರ ಅಟ್ಟೂರು ಬಡಾವಣೆಯ ಕಣ್ಣು ತೆರೆಸಿಯೇ ಸಿದ್ಧ ಎಂದು ಕಾಶಿನಾಥರು ಪಣತೊಟ್ಟಿದ್ದರು. ಕಾಲೇಜಿನಲ್ಲಿ ಚಿತ್ರಕಲೆ ಕಲಿಸುವ ಅವರು ಬಡಾವಣೆಯ ಸಿನಿಮಾ ಸಂಘಕ್ಕೆ ಅಧ್ಯಕ್ಷರೂ ಹೌದು. ಒಂದು ಆಮೆ ಬೆಟ್ಟ ಹತ್ತುವ ಹಳೆಯ ಮೂಕಿ ಆ್ಯನಿಮೇಷನ್ ಚಿತ್ರವನ್ನು ಇಪ್ಪತ್ತು ವರ್ಷಗಳಿಂದ ಹೊಗಳುತ್ತಲೇ ಬಂದವರು. ಅವರ ಪ್ರಕಾರ ಪ್ರಪಂಚದಲ್ಲಿ ಎರಡೇ ಯುಗ: ಆಮೆಗೆ ಮುಂಚೆ, ಆಮೆಯ ನಂತರ!

ಎದುರುಮನೆಯ ಬ್ಯಾಟರಾಯಪ್ಪನಿಗೆ ಇದು ಹಿಡಿಸಲಿಲ್ಲ. “ಅಳೇದಾದ್ರೆ ಕ್ಲಾಸಿಕ್ಕಾ ಮೇಷ್ಟ್ರೇ? ಅಂಗಾದ್ರೆ ನಮ್ಮನೆ ರುಬ್ಬುಗುಂಡೂ ಕ್ಲಾಸಿಕ್ಕೇ.”

“ನಮ್ಮ ತಾರಸಿ ಮ್ಯಾಲ ತೋರಸ್ತೀನಿ. ಒಬ್ಬರು ಎದ್ದು ಹೋದ್ರೂ ಅಧ್ಯಕ್ಷಗಿರಿ ನಿಮಗ ಕೊಡ್ತೀನಿ” ಎಂದುಬಿಟ್ಟರು ಕಾಶಿನಾಥರು.

ಭಾನುವಾರ ಸಂಜೆ ಏಳಕ್ಕೆ ಜನ ಬಂದರು, ಕಾಲೇಜಿನ ಪ್ರೊಜೆಕ್ಟರೂ ಬಂತು. ಪರದೆ ಮಾತ್ರ ಇಲ್ಲ! ಹೆಂಡತಿ ದಾಕ್ಷಾಯಣಿ ಪುಟ್ಟೇನಹಳ್ಳಿಗೆ ನಾಮಕರಣಕ್ಕೆ ಹೋಗಿದ್ದಳು. ತಾರಸಿಯ ಮೂಲೆಯಲ್ಲಿ ಅವಳು ಬಿಳಿ ಪಂಚೆಯ ಮೇಲೆ ಇಟ್ಟ ಸಾಬಕ್ಕಿ ಸಂಡಿಗೆ ಮುಕ್ಕಾಲು ಒಣಗಿ ಬಟ್ಟೆಗೇ ಕಚ್ಚಿಕೊಂಡಿತ್ತು. ಕಾಶಿನಾಥರು ಸಂಡಿಗೆಯ ಮಗ್ಗುಲನ್ನು ಆಚೆಗೆ ತಿರುಗಿಸಿ, ಪಂಚೆಯನ್ನು ತಂತಿಗೆ ಕಟ್ಟಿಯೇಬಿಟ್ಟರು.

ಆಮೆ ಹೊರಟಿತು. ಅಷ್ಟರಲ್ಲಿ ಪಂಚೆಯ ಹಿಂಬದಿಯ ಮನೆಯ ದೀಪ ಹೊತ್ತಿಕೊಂಡು, ಆಮೆಯ ಆಕಾಶದ ತುಂಬ ಕಪ್ಪು ಚುಕ್ಕಿಗಳು ಮೂಡಿದವು.

“ಇವೇನು ಮೇಷ್ಟ್ರೇ?” ಎಂದ ಬ್ಯಾಟರಾಯಪ್ಪ.

“ಅದಾ ಈ ಚಿತ್ರದ ಕ್ರಾಂತಿ ನೋಡ್ರಿ. ಒಂದೊಂದು ಚುಕ್ಕಿನೂ ಕೈಯಿಂದ ಇಟ್ಟದ್ದು.”

ಗಾಳಿ ಬೀಸಿತು, ಚುಕ್ಕಿಗಳು ಒಂದೊಂದಾಗಿ ಉದುರತೊಡಗಿದವು. ಜನ ಚಪ್ಪಾಳೆ ತಟ್ಟಿದರು. ಕಾಶಿನಾಥರು ಉದುರುವ ನಕ್ಷತ್ರಗಳ ತತ್ವವನ್ನು ಹತ್ತು ನಿಮಿಷ ವಿವರಿಸಿದರು. ಅಂಥ ಸುಳ್ಳನ್ನು ಅವರು ಅಷ್ಟು ಭಕ್ತಿಯಿಂದ ಹಿಂದೆಂದೂ ಹೇಳಿರಲಿಲ್ಲ.

ಪಂಚೆಯ ಹಿಂದಿನಿಂದ ಕಾಲಡಿ ಏನೋ ಪುಡಿಯಾದ ಸದ್ದು ಬಂತು, ಅದರ ಬೆನ್ನಿಗೇ, ನಾಮಕರಣ ಮುಗಿಸಿ ಬಂದು ಎಲ್ಲವನ್ನೂ ಕೇಳಿಸಿಕೊಂಡಿದ್ದ ದಾಕ್ಷಾಯಣಿ ಈಚೆ ಬಂದಳು. “ಕೈಯಿಂದ ಇಟ್ಟದ್ದು ಖರೇನ ಐತ್ರಿ. ಇವತ್ತ ಮುಂಜಾನಿ ಬಿಸಲಾಗ ಸೊಂಟಾ ಬಗ್ಗಿಸಿ ಇಟ್ಟಾಕಿ ನಾನು.”

ಕಾಶಿನಾಥರ ಮಾನ ತಾರಸಿಯಿಂದ ನೇರ ಚರಂಡಿಗಿಳಿಯಿತು. ಬ್ಯಾಟರಾಯಪ್ಪ ಬಿಡುವ ಆಸಾಮಿಯಲ್ಲ. “ಇದು ನಡೆಯಾಕಿಲ್ಲ. ಸಂಡಿಗೆ ಇಲ್ದೆ ಪಿಚ್ಚರ್‌ನ ಮೊದಲಿಂದ ಆಕಿ.”

ದಾಕ್ಷಾಯಣಿ ಪಂಚೆ ಬಿಚ್ಚಿಕೊಂಡು ಪಕ್ಕಕ್ಕೆ ಸರಿದಳು. ಮೆಟ್ಟಿಲುಕೋಣೆಯ ಬೋಳು ಗೋಡೆಯ ಮೇಲೆ ಆಮೆ ಮತ್ತೆ ಹೊರಟಿತು. ಈ ಬಾರಿ ಚುಕ್ಕಿಯಿಲ್ಲ, ತತ್ವವಿಲ್ಲ, ವಿವರಣೆಯೂ ಇಲ್ಲ. ಕಾಶಿನಾಥರು ಅವಮಾನ ತಾಳಲಾರದೆ ಹಿಂದಿನ ಕುರ್ಚಿಯಲ್ಲಿ ಮುದುಡಿ ಕೂತರು. ಯಾರು ಮೊದಲು ಎದ್ದು ಹೋಗುತ್ತಾರೋ ಎಂದು ತಲೆ ಎಣಿಸತೊಡಗಿದರು.

ಯಾರೂ ಏಳಲಿಲ್ಲ. ಒಂದು ಗಂಟೆ ಪಿಟ್ಟೆನ್ನದೆ ಕೂತರು. ಚಿತ್ರ ಮುಗಿದಾಗ ಬ್ಯಾಟರಾಯಪ್ಪ ಟವೆಲ್ಲಿನಿಂದ ಕಣ್ಣು ಒರೆಸಿಕೊಂಡ. “ಸೋತೆ ಮೇಷ್ಟ್ರೇ. ಇದು ಕ್ಲಾಸಿಕ್ಕೇ. ಆ ಕೊನೇ ಸೀನಾಗೆ ಆಮೆ ಅಳ್ತದಲ್ಲ, ಅದ್ಯಾಕೆ ಅಂತ ತಾವೇ ಯೋಳ್ಬೇಕು.”

ಅಧ್ಯಕ್ಷರ ಭಾಷಣಕ್ಕೆಂದು ಎಲ್ಲರೂ ಹಿಂದೆ ತಿರುಗಿದರು. ಹಿಂದಿನ ಕುರ್ಚಿಯಿಂದ ಗೊರಕೆ ಕೇಳುತ್ತಿತ್ತು. ದಾಕ್ಷಾಯಣಿ ಗಂಡನ ಭುಜ ಅಲುಗಿಸಿದಳು.

“ಏಳ್ರಿ. ಆಮಿ ಕಡೀಕ ಯಾಕ ಅಳ್ತೈತಿ ಅಂತ ಕೇಳಾಕತ್ತಾರ.”

ಇಪ್ಪತ್ತು ವರ್ಷದ ಆಮೆ ತಜ್ಞರು ಕಣ್ಣುಜ್ಜಿಕೊಂಡು, ಮೊದಲ ಸಲ ನಿಜವಾದ ಕುತೂಹಲದಿಂದ ಕೇಳಿದರು:

“ಅಂದ್ರ... ಅದು ಬೆಟ್ಟದ ತುದಿ ಮುಟ್ಟತೈತೇನು?”