ಕಾಕಾನ ಫಿರ್ಕಿಗೆ ಮೋಟಾರು

ಕೈ ಸುಮ್ಮನಿರದವನ ಮನೆಯಲ್ಲಿ ಏನಾದರೊಂದು ಸುಡುತ್ತಲೇ ಇರುತ್ತದೆ. ನಾನು ಅಂಥವನು. ಎಲ್ಲರ ಕೈಗೂ ಮೊಬೈಲ್ ಬಂದಿರದ ಆ ಕಾಲದಲ್ಲಿ ಅಹಮದಾಬಾದಿನ ಒಂದು ಖಾಸಗಿ ಕಂಪನಿಯಲ್ಲಿದ್ದೆ. ಜೊತೆಗೆ ವಿಮಾ ಕಚೇರಿಯಲ್ಲಿದ್ದ ಧಾರವಾಡದ ಗೆಳೆಯ. ಮದುವೆಯಾಗದವರಿಗೆ ಅಲ್ಲಿ ಮನೆ ಸಿಗುವುದೇ ಕಷ್ಟ. ಕೆಳಗೆ ತಾವಿದ್ದುಕೊಂಡು ಮೇಲಿನ ಮಹಡಿಯನ್ನು ನಮಗೆ ಕೊಟ್ಟಿದ್ದ ಮಾಲೀಕ ಕಾಕಾ ನಮ್ಮ ಪಾಲಿಗೆ ದೇವರಿದ್ದಂತೆ.

ಬಾಯಿಬಿಟ್ಟು ಕೆಟ್ಟೆ

ನಮ್ಮ ಸಂಕ್ರಾಂತಿ ಅವರಿಗೆ ಉತ್ತರಾಯಣ. ಅವತ್ತು ಊರೆಲ್ಲ ಟೆರೇಸಿನ ಮೇಲೆ. ಕಾಕಾ ಗಾಳಿಪಟ ಹಾರಿಸಿದರೆ, ದಾರದ ಉರುಳೆ ಫಿರ್ಕಿಯನ್ನು ಹಿಡಿದು ಹಿಂದೆ ನಿಲ್ಲುವವರು ಅವರ ಹೆಂಡತಿ ಕಾಕಿ. ಆ ವರ್ಷ ಕಾಕಿ ತಿರುಗಿಬಿದ್ದರು.

"ಹೆಸರು ಇವರಿಗೆ, ಕೈನೋವು ನನಗೆ. ಈ ಸಲ ನಾನು ಹಿಡಿಯೋಲ್ಲ."

ನನಗೆಲ್ಲಿ ತಡೆಯುತ್ತೆ? "ಮೋಟಾರ್ ಹಾಕಿ ಕೊಡ್ತೀನಿ ಕಾಕಾ. ಒಂದು ಗುಂಡಿ ಒತ್ತಿದರೆ ದಾರ ಬಿಡುತ್ತೆ, ಇನ್ನೊಂದು ಒತ್ತಿದರೆ ಸುತ್ತುತ್ತೆ" ಅಂದುಬಿಟ್ಟೆ.

ಗೆಳೆಯ ಕನ್ನಡದಲ್ಲಿ ಗೊಣಗಿದ: "ನನ್ನ ರೇಡಿಯೋ ಬಿಚ್ಚಿದ್ದಿ. ಅದು ಇನ್ನೂ ಬಿಚ್ಚೇ ಐತಿ."

"ಏನಂತಾನೆ?" ಕಾಕಾ ಕೇಳಿದರು.

"ನನ್ನ ಮೇಲೆ ಬಹಳ ನಂಬಿಕೆ ಅಂತಾನೆ."

ಧೂಪ

ಮೋಟಾರನ್ನು ಎರಡೂ ಕಡೆ ತಿರುಗಿಸಲು ಒಂದು ಚಿಪ್ ಬೇಕು. ಎರಡೂ ಬದಿಗೆ ಸಾಲು ಕಾಲಿರುವ ಕಪ್ಪು ಬಿಲ್ಲೆ. ಯಾವ ತುದಿ ಮೇಲೆ ಅಂತ ತೋರಿಸಲು ಅದರಲ್ಲೊಂದು ಸಣ್ಣ ಕಚ್ಚು ಇರುತ್ತದೆ. ಅದನ್ನು ನೋಡುವಷ್ಟು ತಾಳ್ಮೆ ನನಗೆಲ್ಲಿಯದು? ತಿರುವುಮುರುವಾಗಿ ಕೂರಿಸಿ ಕರೆಂಟು ಕೊಟ್ಟೆ. ಚುಸ್ ಅಂತ ಹೊಗೆ ಎದ್ದಿತು.

ಕಾಕಾ ಮೆಟ್ಟಿಲು ಹತ್ತಿ ಬಂದೇಬಿಟ್ಟರು. "ಏನದು ವಾಸನೆ?"

ನಾನು ತೊದಲುವಷ್ಟರಲ್ಲಿ ಗೆಳೆಯ, "ಪೂಜೆ ಕಾಕಾ. ಧೂಪ ಹಾಕಿದ್ವಿ" ಅಂದ.

ಕಾಕಾ ಕೋಣೆಯ ಸುತ್ತ ಕಣ್ಣಾಡಿಸಿದರು. ದೇವರ ಪಟವಿರಲಿ, ಒಂದು ಕ್ಯಾಲೆಂಡರೂ ಇರಲಿಲ್ಲ. ಮೇಜಿನ ಮೇಲೆ ಬೆಸುಗೆ ಕಡ್ಡಿಯೊಂದೇ ಕಾಯುತ್ತಾ ಬಿದ್ದಿತ್ತು. "ನನ್ನದು ಮರದ ತೊಲೆಯ ಮನೆ" ಅಂದರು ತಣ್ಣಗೆ. "ಈ ಧೂಪ ಇನ್ನೊಂದು ಸಲ ಹೊತ್ತಿದರೆ, ದೇವರ ಸಮೇತ ನೀವೂ ಹೊರಡಿ."

ಎರಡು ಒಯ್ಯಿ

ಮರುದಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಸಾಲಿರುವ ರಿಲೀಫ್ ರೋಡಿಗೆ ಓಡಿದೆ. ಅಂಗಡಿಯವರು ಹಲ್ಲು ಕಡ್ಡಿ ಆಡಿಸುತ್ತಾ, "ಹಿಂದಿನದೇನಾಯಿತು?" ಅಂದರು.

"ಸುಟ್ಟುಹೋಯಿತು."

"ಹಾಗಾದರೆ ಎರಡು ಒಯ್ಯಿ."

ನನಗೆ ರೇಗಿತು. "ಯಾಕೆ? ಈ ಸಲ ನೋಡ್ಕೊಂಡು ಕೂರಿಸ್ತೀನಿ."

"ಎಲ್ಲರೂ ಹಾಗೇ ಅಂತಾರೆ ಭಾಯಿ. ಅದರಿಂದಲೇ ಅಂಗಡಿ ನಡೀತಿದೆ."

ಬೆರಳು

ಹೊಸ ಚಿಪ್ ಸುಡಲಿಲ್ಲ. ಆದರೆ ಮೋಟಾರು ಅಲ್ಲಾಡಲೂ ಇಲ್ಲ. ತಂತಿ ಬದಲಿಸಿದೆ, ಬ್ಯಾಟರಿ ಬದಲಿಸಿದೆ. ಊಟ ರುಚಿಸಲಿಲ್ಲ, ಕೂತಲ್ಲಿ ಕೂರಲಾಗಲಿಲ್ಲ. ಹಬ್ಬ ಹತ್ತಿರ ಬಂದಂತೆ ಮನೆ ಕೈತಪ್ಪುವ ಚಿಂತೆ ಬೇರೆ. ಗೆಳೆಯ ಕನಿಕರದಿಂದ, "ಬಿಸಿ ಐತೇನು ನೋಡೋಣು" ಅಂತ ಚಿಪ್ ಮೇಲೆ ಬೆರಳಿಟ್ಟ. ಮೋಟಾರು ಗಿರ್ರನೆ ತಿರುಗಿತು! ಬೆರಳು ತೆಗೆದ, ನಿಂತಿತು. ಇಟ್ಟ, ತಿರುಗಿತು.

"ತೆಗೀಬೇಡ, ತೆಗೀಬೇಡ!" ಅಂತ ಕುಣಿದೆ.

"ಹಂಗಾರ ಆಫೀಸಿಗೆ ಏನಂತ ರಜಾ ಬರೀಲಿ? ಬೆರಳು ಇಟ್ಟೀನಿ ಅಂತನ?"

ಚಿಪ್‌ನ ಒಂದು ಕಾಲಿಗೆ ನಾನು ತಂತಿಯನ್ನೇ ಕೊಟ್ಟಿರಲಿಲ್ಲ. 'ಕೆಲಸ ಶುರು ಮಾಡು' ಅಂತ ಅಪ್ಪಣೆ ಕೊಡುವ ಕಾಲೇ ಅದು. ಬೆರಳು ತಗುಲಿದಾಗಲೆಲ್ಲ ಅದಕ್ಕೆ ಅಪ್ಪಣೆ ಸಿಕ್ಕಂತಾಗುತ್ತಿತ್ತು. ತಂತಿ ಬೆಸೆದೆ, ಮೋಟಾರು ತಾನಾಗಿ ತಿರುಗಿತು. ಗೆಳೆಯ ಬೆರಳನ್ನೇ ನೋಡಿಕೊಂಡು, "ನಮ್ಮ ಆಫೀಸಿನ್ಯಾಗ ಇದಕ್ಕೊಂದು ಪಾಲಿಸಿ ಮಾಡಸ್ತೀನಿ" ಅಂದ.

ಉತ್ತರಾಯಣ

ಹಬ್ಬದ ಬೆಳಿಗ್ಗೆ ಕಾಕಾ ಗಾಜಿನ ಪುಡಿ ಸವರಿದ ಸೂರತ್ತಿನ ಮಾಂಜಾ ದಾರ ಸುತ್ತಿದ ಫಿರ್ಕಿಯನ್ನು ನನ್ನ ಮೋಟಾರಿಗೆ ಸಿಕ್ಕಿಸಿದರು. ಕಾಕಿ ಕುರ್ಚಿಯಲ್ಲಿ ಆರಾಮಾಗಿ ಕೂತು ಚಿಕ್ಕಿ ಕಡಿಯುತ್ತಿದ್ದರು. ಎದುರಿನ ಟೆರೇಸಿನ ವಕೀಲರು ಕಾಕಾನ ಹಳೆಯ ವೈರಿ. ಅವರ ಗಾಳಿಪಟ ನಮ್ಮದಕ್ಕೆ ತೊಡರಿತು.

"ಸುತ್ತು! ಸುತ್ತು!" ಕಾಕಾ ಕೂಗಿದರು.

ಸುತ್ತುವ ಗುಂಡಿ ಒತ್ತಿದೆ. ಅವಸರದಲ್ಲಿ ಮೋಟಾರಿನ ತಂತಿ ಅದಲುಬದಲು ಮಾಡಿದ್ದೆ. ಫಿರ್ಕಿ ಉಲ್ಟಾ ತಿರುಗಿ ಸರಸರನೆ ದಾರ ಬಿಟ್ಟಿತು. ಆದರೆ ಓಡುವ ಮಾಂಜಾಕ್ಕೆ ಸಿಕ್ಕಿ ವಕೀಲರ ದಾರವೇ ಕಡಿದುಹೋಯಿತು.

"ಕಾಪ್ಯೋ ಛೇ!", ಕಡಿದೇಬಿಟ್ಟೆವು ಅಂತ ಟೆರೇಸೆಲ್ಲ ಕಿರುಚಿತು. ಕಾಕಾ ನನ್ನ ಬೆನ್ನು ಚಪ್ಪರಿಸಿದರು. "ನಾನು ಸುತ್ತು ಅಂದರೂ ಬಿಟ್ಟೆಯಲ್ಲ, ಏನು ತಲೆ ನಿನ್ನದು!"

ಆ ಖುಷಿಯಲ್ಲಿ ಇನ್ನೊಂದು ಗುಂಡಿ ಒತ್ತಿದೆ. ಸಡಿಲ ದಾರ ಅಚ್ಚಿಗೆ ಸಿಕ್ಕಿಕೊಂಡು ಮೋಟಾರು ಬಿಗಿದುಕೊಂಡಿತು, ಚಿಪ್ ಬಿಸಿಯೇರಿತು, ಚುಸ್ ಅಂತ ಅದೇ ಹೊಗೆ, ಅದೇ ವಾಸನೆ. ಮನೆ ಹೋಯಿತು ಅಂದುಕೊಂಡೆ.

ಕಾಕಾ ಮೂಗರಳಿಸಿ ವಾಸನೆ ಹೀರಿದರು. ನನ್ನನ್ನು ನೋಡಿದರು, ಗೆಳೆಯನನ್ನು ನೋಡಿದರು. ಆಮೇಲೆ ಜೇಬಿನಿಂದ ಟೆರೇಸಿನ ಬೀಗದ ಕೈ ತೆಗೆದು ನನ್ನ ಕೈಗಿಟ್ಟರು.

"ಇನ್ನು ಮೇಲೆ ಪೂಜೆಯೆಲ್ಲ ಇಲ್ಲೇ ಮಾಡ್ಕೊಳ್ಳಿ. ನಿಮ್ಮ ದೇವರಿಗೆ ಗಾಳಿ ಜಾಸ್ತಿ ಬೇಕು."