ಜರ್ಮನಿಯ ಮೇಣದಬತ್ತಿ

ಕಾರ್ಯ ಮುಗಿದು, ನೆಂಟರೆಲ್ಲ ಅವರವರ ಬಸ್ಸು ಹತ್ತಿ ಹೋದ ಮೇಲಿನ ಮೊದಲ ಬೆಳಗು ಅದು. ಐದೂವರೆಗೆ ಎಚ್ಚರವಾದಾಗ ಧನಲಕ್ಷ್ಮಿಗೆ ಮೊದಲು ಗೊತ್ತಾದದ್ದು, ಮನೆಯಲ್ಲಿ ಯಾರೂ ಗೊರಕೆ ಹೊಡೆಯುತ್ತಿಲ್ಲ ಎಂಬುದು. ಆಮೇಲೆ ಗೊತ್ತಾದದ್ದು, ಕರೆಂಟಿಲ್ಲ ಎಂಬುದು.

ಮೇಣದಬತ್ತಿ ಮಾಡುವವನ ಮನೆಯಲ್ಲಿ ಒಂದು ಮೇಣದಬತ್ತಿಗೆ ತಡಕಾಡಬೇಕಾಯಿತು. ಅವಳ ಗಂಡ ಧರ್ಮೇಂದ್ರ ಭದ್ರಾವತಿಯ ಕಾರ್ಖಾನೆ ಕೆಲಸ ಬಿಟ್ಟ ಮೇಲೆ ಫಿನಾಯಿಲು ಮಾಡಿದ್ದ, ಅಣಬೆ ಬೆಳೆದಿದ್ದ, ಎರಡು ವರ್ಷದಿಂದ ಶಿವಮೊಗ್ಗದ ಹೊಸಮನೆ ಬಡಾವಣೆಯ ಈ ಬಾಡಿಗೆ ಮನೆಯ ಹಿತ್ತಿಲಲ್ಲಿ ಹಬ್ಬದ ಅಲಂಕಾರದ ಮೇಣದಬತ್ತಿ ಮಾಡುತ್ತಿದ್ದ. ಬತ್ತಿಯ ಮೈಯೊಳಗೆ ಬಣ್ಣದ ಮೇಣದ ನಕ್ಷತ್ರ, ಎಲೆ, ಗಂಟೆಗಳನ್ನು ಹುದುಗಿಸುವ ಕೆಲಸ. ಅವನ ಕೈಯಲ್ಲಿ ನಕ್ಷತ್ರಗಳು ಏಡಿಗಳಾಗುತ್ತಿದ್ದವು, ಎಲೆಗಳು ಹವಾಯಿ ಚಪ್ಪಲಿಗಳಾಗುತ್ತಿದ್ದವು. ಬತ್ತಿಗಳೋ, ಬೀಗರೂಟ ಮುಗಿಸಿ ಹೊರಟ ಗಂಡಸರಂತೆ ಒಂದು ಕಡೆಗೆ ವಾಲುತ್ತಿದ್ದವು. ಕೆಮಿಸ್ಟ್ರಿಯಲ್ಲಿ ಎಂ.ಎಸ್ಸಿ. ಮಾಡಿದ್ದ ಧನಲಕ್ಷ್ಮಿ ಪ್ರತಿ ಸಲವೂ ತಪ್ಪು ಎಲ್ಲಾಯಿತೆಂದು ಬಿಡಿಸಿ ಹೇಳುತ್ತಿದ್ದಳು. ಅವನು "ಹೌದಲ್ವಾ" ಎಂದು ತಲೆ ಕೆರೆದುಕೊಳ್ಳುತ್ತಿದ್ದ. ಎರಡು ವಾರದ ಹಿಂದೆ ಒಂದು ಮಧ್ಯಾಹ್ನ "ಎದೆ ಹಿಡ್ಕೊಂಡಂಗಾಗ್ತಿದೆ" ಎಂದ. ಆಟೋ ಬರುವುದರೊಳಗೆ ಮುಗಿದಿತ್ತು. ವಯಸ್ಸು ಮೂವತ್ತಾರು.

ವಾಲಿದ ಬತ್ತಿಗಳನ್ನೆಲ್ಲ ನೆಂಟರು ಈ ಹದಿಮೂರು ದಿನಗಳಲ್ಲಿ ಉರಿಸಿ ಮುಗಿಸಿದ್ದರು. ಕೊನೆಗೆ ಬೀರುವಿನಲ್ಲಿ, ಅವನ ಪಂಚೆಯೊಳಗೆ ಸುತ್ತಿಟ್ಟ ಒಂದು ಸಿಕ್ಕಿತು. ಹಚ್ಚಿದಳು. ಅದರ ಬೆಳಕಿನಲ್ಲೇ ಅದನ್ನು ನೋಡಿದಳು. ಹಾಲು ಬಿಳುಪಿನ ಮೈ. ಸುತ್ತಲೂ ಕೆಂಪು ನಕ್ಷತ್ರಗಳು, ಒಂದೊಂದರ ಐದು ಮೊನೆಯೂ ಸಮ. ನಡುನಡುವೆ ಹಸಿರೆಲೆ. ಕೆಳಗೊಂದು ಪುಟ್ಟ ಹಳದಿ ಗಂಟೆ. ಬತ್ತಿ ಕಂಬದಂತೆ ನೆಟ್ಟಗಿತ್ತು. ಇದು ಅವನದಲ್ಲ ಎಂದು ನೋಡಿದ ಕೂಡಲೇ ತಿಳಿಯಿತು. ಯಾವುದೋ ಅಂಗಡಿಯಿಂದ ತಂದದ್ದಿರಬೇಕು. ಇಂಥದ್ದೊಂದನ್ನಾದರೂ ಮಾಡುವುದಕ್ಕಾಗಿದ್ದರೆ ಅವನಿಗೆ ಎಂದುಕೊಂಡಳು. ಆ ಯೋಚನೆಯೂ ಬೇರೆ ಯಾರದೋ ಮನೆಯ ವಿಷಯದಂತೆ ಬಂದು ಹೋಯಿತು. ಬಚ್ಚಲಿಗೆ ಹೋಗಿ, ಬತ್ತಿಯನ್ನು ಹಂಡೆಯ ಒಲೆಕಟ್ಟೆಯ ಮೇಲಿಟ್ಟು, ಬೆಂಕಿ ಮಾಡಿದಳು. ಅಷ್ಟರಲ್ಲಿ ಕರೆಂಟು ಬಂತು. ಬತ್ತಿಯನ್ನು ಊದಿ, ಅಲ್ಲೇ ಬಿಟ್ಟು, ಹಾಲು ಕಾಸಲು ಒಳಗೆ ಬಂದಳು.

ಏಳೂವರೆಗೆ ಪಕ್ಕದ ಮನೆಯ ಬಂಗಾರಮ್ಮ ಬಂದರು. ಆ ಸಾಲಿಗೆಲ್ಲ ಇದ್ದದ್ದು ಅವರ ಮನೆಯ ಫೋನೊಂದೇ. ಹಾಗಾಗಿ ಯಾರ ಸುದ್ದಿಯೂ ಮೊದಲು ಬಂಗಾರಮ್ಮನವರದಾಗಿ, ಆಮೇಲೆ ಅವರವರದಾಗುತ್ತಿತ್ತು.

"ಧನೂ, ಭದ್ರಾವತಿಯಿಂದ ಫೋನು ಬಂದಿತ್ತು ಮಾರಾಯ್ತಿ. ಆರೋಗ್ಯಮೇರಿ ಅಂತ, ಟೀಚರಂತೆ. ಧರ್ಮೇಂದ್ರ ದಸರಾ ಹೊತ್ತಲ್ಲಿ ಅವರ ಹತ್ರ ಒಂದು ಕ್ಯಾಂಡಲ್ ಇಸ್ಕೊಂಡಿದ್ನಂತೆ, ಮಾದರಿಗೆ ಅಂತ. ಅವರಕ್ಕ ಜರ್ಮನಿಯಿಂದ ಕಳ್ಸಿದ್ದಂತೆ. ಹನ್ನೊಂದು ವರ್ಷ ಹಚ್ದೇ ಇಟ್ಕೊಂಡಿದ್ರಂತೆ! ಕ್ರಿಸ್‌ಮಸ್ಸಿಗೆ ತಂದ್ಕೊಡ್ತೀನಿ ಅಂದಿದ್ನಂತೆ. ಇವತ್ತು ಇಪ್ಪತ್ನಾಲ್ಕು."

"ನೀವೇನಂದ್ರಿ?"

"ವಿಷ್ಯ ಹೇಳ್ದೆ. ಪಾಪ, ಅತ್ತುಬಿಟ್ರು. ಬಿಡಿ, ಈಗ ಅದೆಲ್ಲ ಏನೂ ಬೇಡ ಅಂದ್ರು." ಬಂಗಾರಮ್ಮ ನಿಟ್ಟುಸಿರು ಬಿಟ್ಟರು. "ನಾನೂ ಅಷ್ಟೇ, ನನ್ನ ಇಡ್ಲಿ ಸ್ಟ್ಯಾಂಡ್ ಮಾತು ಎತ್ತಿದೀನಾ? ಸತ್ತೋರ ಬಗ್ಗೆ ಆಡ್ಬಾರ್ದು. ಆದ್ರೂ ಧರ್ಮೇಂದ್ರ ಇಸ್ಕೊಂಡಿದ್ದು ನೆಟ್ಟಗೆ ವಾಪಸ್ ಬಂದಿದ್ದನ್ನ ಈ ಕೇರೀಲಿ ಯಾರೂ ಕಂಡಿಲ್ಲ ಬಿಡು."

ಇದು ಕೇರಿಯ ಗಾದೆಯೇ ಆಗಿತ್ತು. ಹದಿಮೂರು ದಿನ ಸಮಾಧಾನ ಹೇಳಲು ಬಂದವರೆಲ್ಲ ನಡುವೆ ಎಲ್ಲೋ ಒಂದು ಏಣಿಯನ್ನೋ, ಕಡ್ಡಿ ಮುರಿದ ಕೊಡೆಯನ್ನೋ ನೆನೆದೇ ಕಣ್ಣೊರೆಸಿಕೊಂಡಿದ್ದರು. ಧನಲಕ್ಷ್ಮಿ ಎಲ್ಲವನ್ನೂ ಕೂತಲ್ಲೇ ಕೇಳಿಸಿಕೊಂಡಿದ್ದಳು. ಈಗ ಮಾತ್ರ, ಪಂಚೆಯೊಳಗಿದ್ದ ಬತ್ತಿ ಅದೇ ಎಂದು ಹೊಳೆದು, ಎದ್ದು ನಿಂತಳು. ಇದೊಂದನ್ನಾದರೂ, ಇನ್ನು ಕೊಂಚವೂ ಮುಕ್ಕಾಗದಂತೆ, ಹೇಳಿದ ದಿನವೇ ವಾಪಸ್ಸು ಮುಟ್ಟಿಸಬೇಕು. ಅವನ ಹೆಸರಿನಲ್ಲಿ ಒಂದೇ ಒಂದು ವಸ್ತು ನೆಟ್ಟಗೆ ಮನೆ ಸೇರಬೇಕು.

"ನಾನೇ ಹೋಗಿ ಕೊಟ್ಟು ಬರ್ತೀನಿ. ಇವತ್ತೇ."

"ತಿಂಗ್ಳೂ ಆಗಿಲ್ಲ, ಆಗ್ಲೇ ಹೊಸ್ತಿಲು ದಾಟ್ತೀಯಾ? ಜನ ಏನಂತಾರೆ?"

"ಜನ ಅಂದ್ರೆ ನೀವೇ ಅಲ್ವಾ ಬಂಗಾರಕ್ಕ? ಏನಂತೀರಿ?"

ಬಂಗಾರಮ್ಮ ಏನೋ ಅನ್ನಬೇಕೆಂದು ಬಾಯಿ ತೆರೆದರು. ಅಷ್ಟರಲ್ಲಿ ಧನಲಕ್ಷ್ಮಿ ಬಚ್ಚಲಿಗೆ ಓಡಿಯಾಗಿತ್ತು.

ಒಲೆಕಟ್ಟೆಯ ಮೇಲೆ ಜರ್ಮನಿ ಯುದ್ಧ ಸೋತಂತೆ ಕುಸಿದು ಕೂತಿತ್ತು. ಕೆಂಪು ಹಸಿರಿಗೆ, ಹಸಿರು ಹಳದಿಗೆ ಇಳಿದು, ಒಂದು ಮುದ್ದೆಯಾಗಿತ್ತು. ಬಂಗಾರಮ್ಮ ಕೂಗಿದ ಕೂಗಿಗೆ ಎದುರು ಮನೆಯ ಖಾಜಾಬೀ, ಕೈಯಲ್ಲಿ ಕತ್ತರಿ ಹಿಡಿದುಕೊಂಡೇ, ಹೊಲಿಗೆ ಮೆಷಿನ್ನು ಬಿಟ್ಟು ಓಡಿಬಂದರು.

"ಯಾ ಅಲ್ಲಾ! ಯಾರಿಗೇನಾಯ್ತು?"

"ಮೇಣದಬತ್ತಿಗೆ," ಎಂದಳು ಧನಲಕ್ಷ್ಮಿ.

ಕಥೆ ಕೇಳಿದ ಮೇಲೆ ಖಾಜಾಬೀ ಹೇಳಿದರು, "ಅರೆ, ಅಷ್ಟೇನಾ? ಅದೇ ಥರ ಇನ್ನೊಂದು ಮಾಡು ಬೇಟಿ. ಮೇಣ ಐತೆ, ಅದನ್ನ ಹೊಯ್ಯೋ ಪೈಪ್ ಐತೆ. ನೀನು ಅಷ್ಟೊಂದು ಓದಿದೀಯ. ಓದ್ದೇ ಇರೋನೇ ಮಾಡ್ತಿದ್ದ."

ಧನಲಕ್ಷ್ಮಿಗೂ ಅದು ಸರಿಯೆನಿಸಿತು. ಅವನ ತಪ್ಪುಗಳೆಲ್ಲ ಅವಳಿಗೆ ಬಾಯಿಪಾಠವಾಗಿದ್ದವು. ಅವನ್ನು ಮಾಡದಿದ್ದರಾಯಿತಲ್ಲ.

ಕರಗಿದ ಮೇಣಕ್ಕೆ ಬಣ್ಣ ಸೇರಿಸಿ, ಎಣ್ಣೆ ಸವರಿದ ತಟ್ಟೆಗೆ ತೆಳ್ಳಗೆ ಹರಡಿ, ಆರುವಾಗ ಆಕಾರ ಕತ್ತರಿಸಬೇಕು. ಕೆಂಪು ಬಣ್ಣ ಮುಗಿದಿತ್ತು. ಬಂಗಾರಮ್ಮ ಮನೆಗೆ ಹೋಗಿ ಕುಂಕುಮದ ಬಟ್ಟಲು ತಂದರು. ತಂದವರು ಅಡಿಗೆಮನೆಯ ಬಾಗಿಲಲ್ಲಿ ಗಕ್ಕನೆ ನಿಂತುಬಿಟ್ಟರು. ಬಟ್ಟಲನ್ನು ಸೆರಗಿನ ಹಿಂದೆ ಮುಚ್ಚಿಕೊಂಡರು. ಮುಖ ಕಪ್ಪಿಟ್ಟಿತು.

"ಪರವಾಗಿಲ್ಲ ಬಂಗಾರಕ್ಕ," ಎಂದಳು ಧನಲಕ್ಷ್ಮಿ, ತಟ್ಟೆಯಿಂದ ತಲೆ ಎತ್ತದೆ. "ಕುಂಕುಮ ಮೇಣದಲ್ಲಿ ಕರಗಲ್ಲ. ತಳಕ್ಕೆ ಹೋಗಿ ಕೂರುತ್ತೆ. ಎಣ್ಣೇಲಿ ಕರಗೋ ಬಣ್ಣ ಬೇಕು."

ಖಾಜಾಬೀ ಮನೆಗೆ ಹೋಗಿ ಸೊಸೆ ಅತೀಕಾಳ ಲಿಪ್‌ಸ್ಟಿಕ್ ತಂದರು. "ಅವಳು ತವರಿಗೆ ಹೋಗವ್ಳೆ. ಬರೋದ್ರೊಳಗೆ ಏನಾದ್ರೂ ಹೇಳ್ಕೊಂಡ್ರಾಯ್ತು." ಲಿಪ್‌ಸ್ಟಿಕ್ ಕರಗಿತು. ಮೇಣ ಕೆಂಪಾಯಿತು. ಎಂ.ಎಸ್ಸಿ. ಮೊದಲ ಸಲ ಮನೆಗೆ ಉಪಯೋಗವಾಯಿತೆಂದು ಬಂಗಾರಮ್ಮ ಹೊಗಳಿದರು.

ಹೊಗಳಿಕೆ ಅಲ್ಲಿಗೇ ನಿಂತಿತು. ಕರ್ಜಿಕಾಯಿ ಕತ್ತರಿಸುವ ಚಕ್ರದಲ್ಲಿ ಕತ್ತರಿಸಿದ ನಕ್ಷತ್ರಗಳಿಗೆ ಒಂದಕ್ಕೆ ನಾಲ್ಕು ಮೊನೆ, ಒಂದಕ್ಕೆ ಆರು. ಅವನ್ನು ಪೈಪಿನ ಒಳಗೋಡೆಗೆ ಅಂಟಿಸಿ, ತಳಕ್ಕೆ ಚಪಾತಿ ಹಿಟ್ಟು ಮೆತ್ತಿ, ನಡುವೆ ನೂಲು ಇಳಿಬಿಟ್ಟು, ಬಿಳಿ ಮೇಣ ಹೊಯ್ದಳು. ಮೇಣ ಐವತ್ತೆಂಟು ಡಿಗ್ರಿಗೆ ಕರಗುತ್ತದೆಂದು ಅವಳಿಗೆ ಗೊತ್ತಿತ್ತು. ಅವಳ ಕೈಗೆ ಗೊತ್ತಿರಲಿಲ್ಲ. ಅರ್ಧ ಗಂಟೆಯ ನಂತರ ಪೈಪಿನಿಂದ ಈಚೆಗೆ ಬಂದದ್ದು ಗುಲಾಬಿ ಬಣ್ಣದ ಒಂದು ಒನಕೆ.

"ನಕ್ಷತ್ರ ಎಲ್ಲಿ?" ಎಂದರು ಬಂಗಾರಮ್ಮ.

"ಕರಗಿದಾವೆ."

"ಅಷ್ಟು ಬಿಸಿ ಯಾಕೆ ಹೊಯ್ದೆ ಮತ್ತೆ? ನನಗೇ ಕಾಣ್ತಿತ್ತು, ಹೊಗೆ ಆಡ್ತಿತ್ತು."

"ಹೌದಲ್ವಾ," ಎಂದು ಧನಲಕ್ಷ್ಮಿ ತಲೆ ಕೆರೆದುಕೊಂಡಳು. ಕೆರೆದುಕೊಂಡ ಕೈ ಸ್ವಲ್ಪ ಹೊತ್ತು ಅಲ್ಲೇ ನಿಂತಿತು. ಎರಡು ವರ್ಷ ಅವನು ಈ ಮಣೆಯ ಮೇಲೆ ಕೂತು ಹೀಗೇ ತಪ್ಪು ಕೇಳಿಸಿಕೊಂಡಿದ್ದ. ಒಂದು ಸಲವೂ "ನೀನೇ ಮಾಡಿ ತೋರ್ಸು" ಅಂದಿರಲಿಲ್ಲ.

ಎರಡನೆಯ ಸಲಕ್ಕೆ ಮೇಣ ಸಾಲದಾಯಿತು. ಉಳಿದ ಬಿಳಿ ಮೇಣ ಹೊರಮೈಗೆ ಸರಿಹೋಗುತ್ತಿತ್ತು, ಒಳಗಿನ ತಿರುಳಿಗೆ ಇರಲಿಲ್ಲ.

"ಆ ಜರ್ಮನಿ ಮುದ್ದೇನೇ ಹಾಕು," ಎಂದರು ಬಂಗಾರಮ್ಮ. "ಒಳಗೆ ಏನಿದ್ರೆ ಯಾರಿಗೆ ಕಾಣುತ್ತೆ? ಸಾಕ್ಷಿನೂ ಉಳಿಯಲ್ಲ."

ಅದನ್ನೂ ಕರಗಿಸಿ ತಿರುಳು ಮಾಡಿದ್ದಾಯಿತು. ಸುತ್ತಲೂ ನಕ್ಷತ್ರ, ಎಲೆ ನಿಲ್ಲಿಸಿ, ಈ ಸಲ ಬೆರಳದ್ದಿ ನೋಡಿ, ಬೊಬ್ಬೆ ಬರಿಸಿಕೊಂಡು, ಹದ ನೋಡಿ ಹೊಯ್ದಳು. ಬೆರಳಿಗೆ ನೀರು ಬಿಟ್ಟುಕೊಳ್ಳಲು ಅವಳು ಎದ್ದು ಹೋದಾಗ, ಗಂಟೆ ಇರಬೇಕಾದ ಜಾಗ ಖಾಲಿ ಕಂಡು ಬಂಗಾರಮ್ಮನವರಿಗೆ ತಡೆಯಲಾಗಲಿಲ್ಲ. ಸಂಕ್ರಾಂತಿಯ ಸಕ್ಕರೆ ಅಚ್ಚು ಮಾಡುವ ಮರದ ಪಡಿಯಚ್ಚು ಅವರ ಬಳಿ ಇತ್ತು. ಅದರಲ್ಲಿ ಗಂಟೆ ಇರಲಿಲ್ಲ, ಗಿಳಿ ಇತ್ತು. ಹಳದಿ ಮೇಣದ ಒಂದು ಗಿಳಿ ಮಾಡಿ, ಪೈಪಿನೊಳಗೆ ಮೆಲ್ಲಗೆ ಇಳಿಬಿಟ್ಟರು.

ಮೂರು ಗಂಟೆಗೆ ಬತ್ತಿ ಪೈಪಿನಿಂದ ಹೊರಬಂತು. ಎಡಕ್ಕೆ ವಾಲಿತ್ತು. ತಲೆ ಗುಳಿಬಿದ್ದಿತ್ತು. ಮೈಮೇಲೆ ಏಳು ಏಡಿಗಳು, ಅವುಗಳ ನಡುವೆ ಕಾಲು ಮೇಲಾದ ಒಂದು ಗಿಳಿ.

ಖಾಜಾಬೀ ಎರಡು ಹೆಜ್ಜೆ ಹಿಂದೆ ಸರಿದು ನೋಡಿದರು.

"ದೂರದಿಂದ ನೋಡಿದ್ರೆ ಜರ್ಮನೀದೇ," ಎಂದರು ಖಾಜಾಬೀ.

"ಎಷ್ಟು ದೂರದಿಂದ ಚಾಚಿ?"

"ಜರ್ಮನಿಯಿಂದ," ಎಂದು ಖಾಜಾಬೀಯೇ ನಕ್ಕುಬಿಟ್ಟರು.

ಬೇರೆ ದಾರಿಯಿರಲಿಲ್ಲ. ಒದ್ದೆ ಬಟ್ಟೆಯಲ್ಲಿ ಸುತ್ತಿ, ಚೀಲದಲ್ಲಿಟ್ಟುಕೊಂಡು, ಬಿಸಿಲು ಬೀಳದ ಕಡೆಯ ಸೀಟು ನೋಡಿ ಭದ್ರಾವತಿ ಬಸ್ಸಿನಲ್ಲಿ ಕೂತಳು. ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡದ್ದನ್ನು ಕಂಡು ಪಕ್ಕದ ಅಜ್ಜ ಕೇಳಿದ, "ಅದೇನಮ್ಮ ಅಷ್ಟು ಹುಷಾರಾಗಿ?"

"ಮೇಣದಬತ್ತಿ."

"ಭದ್ರಾವತೀಲೂ ಕರೆಂಟಿಲ್ವೇ?"

ಬಿಸಿಲಿಗೆ ಆಕಾರ ಕೆಟ್ಟಿತು ಎಂದು ಹೇಳುವುದು. ತಪ್ಪು ನನ್ನದು, ನಾನೇ ಬಿಸಿಲಿಗಿಟ್ಟೆ ಎನ್ನುವುದು. ಅವರು ಮಾತ್ರ ಜೋಪಾನವಾಗಿ ಇಟ್ಟಿದ್ದರು ಎನ್ನುವುದು. ಬಸ್ಸಿಳಿಯುವವರೆಗೂ ಅದನ್ನೇ ಬಾಯಿಪಾಠ ಮಾಡಿದಳು.

ಆರೋಗ್ಯಮೇರಿ ಟೀಚರ ಮನೆ ಕಾರ್ಖಾನೆ ಕ್ವಾರ್ಟರ್ಸಿನ ಕೊನೆಯಲ್ಲಿತ್ತು. ಬಾಗಿಲಿಗೆ ಕಾಗದದ ನಕ್ಷತ್ರ ಕಟ್ಟಿತ್ತು. ಅವಳು ಹೆಸರು ಹೇಳುತ್ತಿದ್ದಂತೆ ಅವರು ಕೈ ಹಿಡಿದು ಒಳಗೆ ಕರೆದುಕೊಂಡರು.

"ವಾಮ್ಮಾ, ಬಾ, ಕೂತ್ಕೊ. ಇಂಥಾ ಹೊತ್ತಲ್ಲಿ ನೀನ್ಯಾಕೆ ಬರೋಕ್ ಹೋದೆ? ಬೇಡ ಅಂದಿದ್ನಲ್ಲ."

ಧನಲಕ್ಷ್ಮಿ ಬಟ್ಟೆ ಬಿಚ್ಚಿ ಬತ್ತಿಯನ್ನು ಟೀಪಾಯಿಯ ಮೇಲಿಟ್ಟಳು. "ನಿಮ್ಮ ಕ್ಯಾಂಡಲ್ ಟೀಚರ್. ಅವರು ಇಸ್ಕೊಂಡಿದ್ದು. ಬಿಸಿಲಿಗೆ ಸ್ವಲ್ಪ ಆಕಾರ ಕೆಟ್ಟಿದೆ. ತಪ್ಪು ನಂದು."

ಆರೋಗ್ಯಮೇರಿ ಕನ್ನಡಕ ಹಾಕಿಕೊಂಡು ನೋಡಿದರು. ತಿರುಗಿಸಿದರು. ಗಿಳಿಯ ಹತ್ತಿರ ಬಂದಾಗ ಕೈ ನಿಂತಿತು.

"ಪಾರಿವಾಳ ಬೇರೆ ಹಾಕಿದಾರೆ," ಎಂದು ಮೆಲ್ಲಗೆ ನಕ್ಕರು. "ಇದು ನನ್ನದು ಹೆಂಗಾಗುತ್ತಮ್ಮ? ನನ್ನದು ದೀಪಾವಳಿಗೇ ಕರಗಿ ಹೋಯ್ತಲ್ಲ. ನಿನಗೆ ಹೇಳಿಲ್ವಾ ಅವರು?"

ಧನಲಕ್ಷ್ಮಿ ಇಲ್ಲವೆಂದು ತಲೆಯಾಡಿಸಿದಳು.

"ಸ್ಕೂಟರ್ ಡಿಕ್ಕೀಲಿಟ್ಕೊಂಡು ಹೊಳೆಹೊನ್ನೂರು ಸಂತೆಗೆ ಹೋಗಿದ್ರಂತೆ. ಬಿಸಿಲಿಗೆ ನೀರಾಯ್ತು. ಇದೇ ಚೇರಲ್ಲಿ ಕೂತು ಹೇಳಿದ್ರು, ತಲೆ ಎತ್ತಲಿಲ್ಲ. ಅದೇ ಥರ ಮಾಡ್ಕೊಡ್ತೀನಿ ಅಂದ್ರು. ಬೇಡ ಸರ್ ಅಂದ್ರೆ ಕೇಳ್ತಾರಾ? ನವೆಂಬರ್ ಕೊನೇಲಿ ಬೂತಿಂದ ಫೋನ್ ಮಾಡಿ ಕೂಗ್ತಾರೆ, 'ಟೀಚರ್, ಹದಿನೇಳನೇದು ಬಂತು! ನಿಮ್ಮಕ್ಕ ಬಂದ್ರೂ ಗುರುತು ಹಿಡಿಯಲ್ಲ' ಅಂತ. 'ಹೆಂಡ್ತಿಗಿನ್ನೂ ತೋರ್ಸಿಲ್ಲ, ಪಂಚೇಲಿ ಸುತ್ತಿಟ್ಟಿದೀನಿ. ಕ್ರಿಸ್‌ಮಸ್ಸಿಗೆ ಇಬ್ರೂ ಬರ್ತೀವಿ. ನೀವು ನೋಡಿ ಹೌದು ಅಂದ್ಬಿಟ್ರೆ ಆಮೇಲೆ ಅವಳು ತಪ್ಪು ಹುಡುಕೋದಕ್ಕಾಗಲ್ಲ' ಅಂತ ನಗ್ತಿದ್ರು."

ಧನಲಕ್ಷ್ಮಿ ಬೊಬ್ಬೆಯೆದ್ದ ಬೆರಳನ್ನು ಇನ್ನೊಂದು ಕೈಯಲ್ಲಿ ಮುಚ್ಚಿ ಹಿಡಿದಿದ್ದಳು. ಪಂಚೆಯೊಳಗಿದ್ದ ಬತ್ತಿಯ ನಕ್ಷತ್ರಗಳ ಐದು ಮೊನೆಯೂ ಸಮ ಇದ್ದವು. ತಪ್ಪು ಇರಲೇ ಇಲ್ಲ.

"ಏನೋ, ಆಸೆಗೆ ಹೇಳಿದಾರೆ," ಎಂದರು ಆರೋಗ್ಯಮೇರಿ, ವಾಲಿದ ಬತ್ತಿಯ ತಲೆ ಸವರುತ್ತ. "ಥೇಟ್ ಆ ಥರ ಬಂದಿಲ್ಲ. ಬರದೇ ಹೋದ್ರೇನಂತೆ? ಮನಸ್ಸಿಟ್ಟು ಮಾಡಿದಾರೆ."

"ಇದು ಅವರು ಮಾಡಿದ್ದಲ್ಲ ಟೀಚರ್." ಅವಳ ದನಿ ತಾನಾಗಿಯೇ ಜೋರಾಯಿತು. "ನಾನು ಮಾಡಿದ್ದು. ಇವತ್ತು. ಅವರದು ನೆಟ್ಟಗಿತ್ತು. ನಿಜವಾಗ್ಲೂ ಜರ್ಮನೀದು ಅಂತಲೇ ತಿಳ್ಕೊಂಡೆ ನಾನು. ಬೆಳಿಗ್ಗೆ ಕರೆಂಟಿರಲಿಲ್ಲ, ಹಚ್ಚಿ ಒಲೆ ಹತ್ರ ಇಟ್ಟು ಹಾಳು ಮಾಡ್ಬಿಟ್ಟೆ."

ಆರೋಗ್ಯಮೇರಿ ಅವಳನ್ನೇ ನೋಡಿದರು. ಅವರ ಕಣ್ಣು ತುಂಬಿತು. ಹತ್ತಿರ ಸರಿದು ಬೆನ್ನ ಮೇಲೆ ಕೈಯಿಟ್ಟರು.

"ನನ್ನ ಯಜಮಾನ್ರು ಒಂದ್ಸಲ ನೆಂಟರಿಗೆಲ್ಲ ಬಿರಿಯಾನಿ ಮಾಡಿ ತಳ ಹಿಡಿಸಿದ್ರು. ನಾನೂ ಎಲ್ಲರೆದುರಿಗೆ ನಾನೇ ಮಾಡಿದ್ದು ಅಂದಿದ್ದೆ. ಅಳ್ಬೇಡಮ್ಮ. ನನಗೆ ಅರ್ಥ ಆಗುತ್ತೆ."

"ಅಲ್ಲ ಟೀಚರ್, ಇದು ನಿಜ…"

"ನಿಜಾನೇ ಕಣಮ್ಮ, ನಿಜಾನೇ."

ಅಷ್ಟರಲ್ಲಿ ಸಂಜೆಯ ಪ್ರಾರ್ಥನೆಗೆ ಅಕ್ಕಪಕ್ಕದ ಹೆಂಗಸರು ಒಬ್ಬೊಬ್ಬರೇ ಬಂದರು. ಬಂದವರಿಗೆಲ್ಲ ಆರೋಗ್ಯಮೇರಿ ಹೇಳಿದರು, "ನೋಡಿ, ಇದು ನಮ್ಮ ಧರ್ಮೇಂದ್ರ ಸರ್ ಕೊನೇ ಕೈಕೆಲಸ."

"ಸೊಟ್ಟಗಿದೆ," ಎಂದಳೊಬ್ಬಳು.

"ಶ್! ಅವರ ಮನೆಯೋರು ಇಲ್ಲೇ ಇದಾರೆ."

ಧನಲಕ್ಷ್ಮಿ ಎದ್ದಳು. ಬತ್ತಿಯನ್ನು ಎರಡೂ ಕೈಯಲ್ಲಿ ಎತ್ತಿ ಆರೋಗ್ಯಮೇರಿಯವರ ಕೈಗೆ ಕೊಟ್ಟಳು.

"ಅವರು ಮಾಡಿದ್ದು ನೆಟ್ಟಗಿತ್ತು," ಎಂದಳು ಇನ್ನೊಂದು ಸಲ.

"ಇತ್ತಮ್ಮ, ಇತ್ತು," ಎಂದು ಆರೋಗ್ಯಮೇರಿ ಅದನ್ನು ಬಾಲಯೇಸುವಿನ ಗೋದಲಿಯ ಪಕ್ಕಕ್ಕಿಟ್ಟು, ವಾಲದ ಹಾಗೆ ಅದರ ಎಡಗಡೆಗೆ ಹಳೆಯ ಗ್ರೀಟಿಂಗ್ ಕಾರ್ಡೊಂದನ್ನು ಮಡಿಸಿ ಸೇರಿಸಿದರು.