ಅರ್ಧ ಸಾರಿಸಿದ ಅಂಗಳ

ಕಡಲೆಕಾಯಿ ಬಳ್ಳಿಗೆ ಕಂಬಳಿಹುಳ ಬಿದ್ದ ಆ ವರ್ಷ, ಔಷಧಿ ಚೆಲ್ಲುವ ಪುಟ್ಟ ವಿಮಾನವೊಂದು ಮಿಡಿಗೇಶಿ ಕಡೆಯ ಹಳ್ಳಿಯೊಂದರ ಒಣಗಿದ ಕೆರೆಯಂಗಳದಲ್ಲಿ ಇಳಿಯುವುದೆಂದು ಗೊತ್ತಾಯಿತು. ಅಂಗಳ ಹಸನು ಮಾಡುವ ಹೊಣೆ ನೀರುಗಂಟಿ ಪರ್ವತಯ್ಯನದು. ಕೆರೆ ತೂಬಿನ ಬೀಗದ ಕೈ ತಾತನ ಕಾಲದಿಂದ ಅವನ ಮನೆಯವರ ಉಡಿದಾರದಲ್ಲೇ ಇತ್ತು.

“ಅಂಗಳದಲ್ಲಿ ಒಂದು ಕಲ್ಲು ಕಂಡ್ರೂ ನಿನ್ನ ನೀರುಗಂಟಿ ಕೆಲಸ ಹೋಯ್ತು ಅಂತ ತಿಳ್ಕೊ” ಎಂದಿದ್ದರು ಅಮಲ್ದಾರರು.

ಪರ್ವತಯ್ಯ ಹರಳೂ ಬಿಡದೆ ಆಯ್ದ. ಆಯ್ದದ್ದು ಅಮಲ್ದಾರರ ಕಣ್ಣಿಗೆ ಬೀಳದಿದ್ದರೆ ಪಟ್ಟ ಪಾಡೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ ತಾನೆ? ಅದಕ್ಕೇ ಅಂಗಳದ ಕೊನೆಯಲ್ಲಿ, ನಟ್ಟನಡುವೆ, ಎದೆಯುದ್ದ ಗುಡ್ಡೆ ಹಾಕಿ ಸುಣ್ಣ ಬಳಿದ.

ವಿಮಾನ ಬರುವ ದಿನ ಬೆಳಿಗ್ಗೆ ಮೇಲಿನ ಕೇರಿಯ ನಾಗರತ್ನಮ್ಮ ಹೆಂಗಸರನ್ನು ಕಟ್ಟಿಕೊಂಡು ಸಗಣಿ ನೀರಿನ ಕೊಡಗಳೊಡನೆ ಬಂದಳು.

“ಇದೇನವ್ವಾ?” ಎಂದ ಪರ್ವತಯ್ಯ.

“ದೊಡ್ಡೋರು ಬರೋ ಅಂಗಳಾನ ಸಾರಿಸ್ದೆ ಬುಟ್ರೆ ಊರಿಗೆ ಮರ್ವಾದೆ ಉಂಟಾ? ನಿನ್ ಬಾಕ್ಲಿಗೆ ನೀರಾಕ್ದೆ ನೆಂಟ್ರನ್ನ ಕರೀತೀಯಾ?”

ಅಂಗಳದ ಎಡಭಾಗ ನೆಂದು ಪಚಪಚ ಎಂದಿತು. ಬಲಭಾಗ ಕೆಳಗಿನ ಕೇರಿಯವರ ಪಾಲು. ತಮ್ಮನ್ನು ಒಂದು ಮಾತು ಕೇಳಲಿಲ್ಲವೆಂದು ಅಲ್ಲಿಯ ಚಿಕ್ಕಲಕ್ಷ್ಮಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

“ಅವ್ರೇ ಎಲ್ಲಾ ಮಾಡ್ಕಳ್ಲಿ. ನಾವು ಒಂದ್ ಚೊಂಬೂ ಹಾಕಾಕಿಲ್ಲ.”

“ತಾಯೀ, ಹಾಕಿದ್ರೆ ಎರಡೂ ಕಡೆ...” ಎಂದು ಪರ್ವತಯ್ಯ ಹೇಳುವಷ್ಟರಲ್ಲಿ ಆಕಾಶ ಗುಂಯ್‌ಗುಟ್ಟಿತು.

ವಿಮಾನ ಇಳಿಯಿತು. ಎಡಗಾಲಿ ಸಗಣಿಯಲ್ಲಿ ಜಾರಿತು, ಬಲಗಾಲಿ ಒಣನೆಲವನ್ನು ಕಚ್ಚಿತು. ಒಂದು ಎತ್ತು ಮೊಂಡು ಹಿಡಿದ ಗಾಡಿಯಂತೆ ಅದು ಬಲಕ್ಕೆ ತಿರುಗಿ, ಅಮಲ್ದಾರರು ಕೂತಿದ್ದ ಚಪ್ಪರವನ್ನು ಕೆಡವಿ, ಜಾಲಿ ಮೆಳೆಯೊಳಗೆ ಮೂತಿಯಿಟ್ಟು ನಿಂತಿತು. ಒಳಗಿದ್ದವನೂ ಒಬ್ಬ ತಾಯಿಯ ಮಗನಲ್ಲವೆ? ಪರ್ವತಯ್ಯ ಮನೆದೇವರಿಗೆ ಕೈಮುಗಿದ.

ಅಮಲ್ದಾರರು ತೆಂಗಿನ ಗರಿಗಳ ಅಡಿಯಿಂದ ಎದ್ದರು. “ಯಾರೋ ಈ ಕೆಸರು ಮಾಡಿದ್ದು? ಬಾರೋ ಇಲ್ಲಿ, ಪರ್ವತಯ್ಯ!”

“ಸಗಣಿಗೂ ನಂಗೂ ಸಂಬಂಧ ಇಲ್ಲ ಬುದ್ಧೀ. ಅದು ನಾಗರತ್ನಮ್ಮಂದು. ನಂದೇನಿದ್ರೂ ಆ ಕಲ್ಗುಡ್ಡೆ ಒಂದೇಯ. ನನ್ ಕೈಯಾರ ಹೊತ್ತಾಕಿವ್ನಿ. ಊರೇ ಸಾಕ್ಷಿ!”

“ದಿಟ ಬುದ್ಧೀ, ಅವ್ನೊಬ್ಬನೇ ಹಾಕಿದ್ದು” ಎಂದು ಎರಡೂ ಕೇರಿಯವರು ಒಂದೇ ಬಾಯಲ್ಲಿ ಹೇಳಿದರು. ಆ ಊರಲ್ಲಿ ಅಂಥ ಒಗ್ಗಟ್ಟು ಹಿಂದೆ ಕಂಡದ್ದಿಲ್ಲ.

ಅಷ್ಟರಲ್ಲಿ ಪೈಲಟ್ ಮುಳ್ಳು ಕೀಳುತ್ತ ಈಚೆ ಬಂದ.

“ತೀರಾ ಮುಂದೆ ಬಂದು ನೆಲ ಮುಟ್ದೆ ಸಾರ್, ನಿಲ್ಸೋಕೆ ಜಾಗ ಸಾಲ್ತಿರಲಿಲ್ಲ. ಕೆಸರಲ್ಲಿ ಜಾರಿ ತಿರುಗಿದ್ದಕ್ಕೆ ಬದುಕ್ದೆ. ನೇರ ಹೋಗಿದ್ರೆ ಆ ಸುಣ್ಣದ ಗುಡ್ಡೆಗೆ ಬಡಿದು ಸತ್ತೇಹೋಗ್ತಿದ್ದೆ. ಕೆಸರು ಮಾಡಿದ ಪುಣ್ಯಾತ್ಮರು ಯಾರು?”

ಅವನಿಗೆಂದು ತಂದಿದ್ದ ಹಾರ ನಾಗರತ್ನಮ್ಮನ ಕೈಸೇರಿತು.

“ಹಾಗಾದ್ರೆ ಆ ಗುಡ್ಡೆ ಹಾಕಿದ ಪಾಪಿ ಯಾರು?” ಎಂದ ಪೈಲಟ್.

ಊರು ಸಾಕ್ಷಿ ಹೇಳಿಯಾಗಿತ್ತು. ಅಮಲ್ದಾರರು ತೂಬಿನ ಬೀಗದ ಕೈಗಾಗಿ ಅಂಗೈ ಚಾಚಿದರು.